ಮಾವ ಕೊಡಿಸಿದ ಮಾನಿಟರ್

ಮಾವ ಬಲಗೈ ಮುಷ್ಟಿ ಕಟ್ಟಿದರೆ ನಾಲ್ಕು ಗೆಣ್ಣು ಕಾಣಬೇಕಾದ ಕಡೆ ಮೂರೇ ಕಾಣುತ್ತಿದ್ದವು. ನಡುಬೆರಳಿನ ಗೆಣ್ಣು ಒಳಕ್ಕೆ ಕುಸಿದು ಅಲ್ಲೊಂದು ಗುಳಿ ಬಿದ್ದಿತ್ತು. ಗುಳಿಯ ಅಂಚಿನಲ್ಲಿ ಯಾರದೋ ಹಲ್ಲು ಇಳಿದ ಬಿಳಿ ಗೀರು. ಯಾರ ಹಲ್ಲು ಮಾವ ಅದು ಎಂದು ಕೇಳಿದರೆ ನೆನಪಿಲ್ಲ ಎನ್ನುತ್ತಿದ್ದ. ಸುಳ್ಳಲ್ಲ. ಅಷ್ಟು ಜನಕ್ಕೆ ಹೊಡೆದಿದ್ದ ಮನುಷ್ಯ ಯಾರ್ಯಾರ ಹಲ್ಲನ್ನು ನೆನಪಿಟ್ಟುಕೊಂಡಾನು?

ಅವನು ನನ್ನ ಅಮ್ಮನ ತಮ್ಮ. ಕಾಮಗೆರೆಯ ರಸ್ತೆ ಬದಿಯಲ್ಲಿ ಅವನದೊಂದು ಮಟನ್ ಅಂಗಡಿ ಇತ್ತು. ಅಪ್ಪ ಮೊದಲೇ ಹೋಗಿದ್ದ, ಅಮ್ಮನೂ ತೀರಿಕೊಂಡ ಮೇಲೆ ಬಂಡಳ್ಳಿಯಿಂದ ನನ್ನನ್ನು ಕರೆತಂದು ಸಾಕಿದವನು ಅವನೇ. ಅವನಿಗೂ ಅತ್ತೆಗೂ ಮಕ್ಕಳಿರಲಿಲ್ಲ. ಬಂದ ಮಾರನೆಯ ದಿನ ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿ, ಕೈಯಲ್ಲಿ ಮಚ್ಚು ಹಿಡಿದುಕೊಂಡೇ ಗಿರಾಕಿಗಳಿಗೆಲ್ಲ ಹೇಳಿದ: "ಇವ್ನು ನನ್ ಮಗ ಕಣ್ರಪ್ಪಾ. ಅಲ್ಲ ಅನ್ನೋರ್ ಯಾರಾರಾ ಇದ್ರೆ ಮುಂದುಕ್ ಬನ್ನಿ." ಯಾರೂ ಬರಲಿಲ್ಲ. ಅರ್ಧ ಕೆಜಿ ಕೇಳಲು ಬಂದಿದ್ದ ಒಬ್ಬ ಮೇಷ್ಟ್ರು ಸುಮ್ಮನೆ ತಲೆಯಾಡಿಸಿ ಒಂದು ಕೆಜಿ ತೆಗೆದುಕೊಂಡು ಹೋದರು.

ಅವನ ಕೋಪಕ್ಕೆ ಕಾರಣ ಬೇಕಿರಲಿಲ್ಲ. ಕೈ ಅಡ್ಡ ಹಿಡಿದರೂ ನಿಲ್ಲಿಸದ ಬಸ್ಸನ್ನು ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಹೋಗಿ ಹನೂರಿನಲ್ಲಿ ಹಿಡಿದು, ಡ್ರೈವರನನ್ನು ಸೀಟಿನಿಂದ ಎಳೆದು ಹೊಡೆದಿದ್ದ. ಅದು ಬೇರೆ ಬಸ್ಸು ಎಂದು ಆಮೇಲೆ ಗೊತ್ತಾಯಿತು. "ಇವ್ನೂ ಯಾವತ್ತಾರ ನಿಲ್ಸದೆ ಓಗಿರ್ತಾನೆ ಬುಡು" ಎಂದ. "ಮೊದ್ಲು ಒಂದ್ ಬುಡ್ಬೇಕು ಕಣ್ಲಾ, ಆಮೇಲ್ ಕೇಳ್ಬೇಕು" ಎನ್ನುವುದು ಅವನು ನನಗೆ ಕೊಟ್ಟ ವಿದ್ಯಾಭ್ಯಾಸ. ಆದರೆ ಕುರಿಯ ವಿಷಯದಲ್ಲಿ ಮಾತ್ರ ಅವನದೊಂದು ನೇಮವಿತ್ತು. ಯಾರ ಮೇಲಾದರೂ ಕೋಪ ಬಂದ ದಿನ ಕತ್ತಿ ಮುಟ್ಟುತ್ತಿರಲಿಲ್ಲ. ಕೋಪದ ಕೈಯಲ್ಲಿ ಕುಯ್ದರೆ ಕುರಿ ಹೆದರಿ ಸಾಯುತ್ತದೆ, ಅದು ಪಾಪ ಎನ್ನುತ್ತಿದ್ದ. ಹಾಗಾಗಿ ಭಾನುವಾರ ಅಂಗಡಿ ಮುಚ್ಚಿದ್ದರೆ ಊರಿನವರು ಹುಷಾರಿಲ್ಲವಾ ಎಂದು ಕೇಳುತ್ತಿರಲಿಲ್ಲ, ಯಾರಿಗೆ ಹೊಡೆದ ಎಂದು ಕೇಳುತ್ತಿದ್ದರು.

ಹೊಲದ ಬದುವಿನ ಜಗಳದಲ್ಲಿ ಒಬ್ಬನ ಮುಂಗೈ ಕಡಿದು ಅವನು ಜೈಲಿಗೂ ಹೋಗಿ ಬಂದಿದ್ದ. ಅಮ್ಮ ಸತ್ತಾಗ ಅವನು ಒಳಗಿದ್ದ. ಹೊರಗೆ ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಜೈಲಿನ ಬಗ್ಗೆ ಅವನು ಎಂದೂ ಮಾತಾಡಿದವನಲ್ಲ. ಮಾತಾಡಿದ ಒಂದೇ ಸಲದ ಕಥೆ ಹೇಳುತ್ತೇನೆ.

ನಾನು ಆಗ ಬಾಡಿಗೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಕುಂತೂರಿನ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಸಾಲು ನಿಂತಿತ್ತು. ಇನ್ನೊಬ್ಬ ಡ್ರೈವರ್, ಕೆಂಪು ಟ್ರ್ಯಾಕ್ಟರಿನವನು, ಸಾಲು ತಪ್ಪಿಸಿ ನನ್ನ ಮುಂದೆ ನುಗ್ಗಿಸಿದ. ಯಾಕಪ್ಪಾ ಎಂದೆ. ಅವನು ಇಳಿದು ಬಂದು ನನ್ನನ್ನು ಕೆಳಕ್ಕೆಳೆದ. ನನ್ನದೇ ಲೋಡಿನಿಂದ ಒಂದು ಜಲ್ಲೆ ಹಿರಿದು ಕಿವಿ, ಬೆನ್ನು, ಪಕ್ಕೆ ನೋಡದೆ ಬಾರಿಸಿದ. ಬಿದ್ದವನ ಬಾಯಿಗೆ ರಸ್ತೆಯ ಮಣ್ಣು ತುರುಕಿದ. ಸುತ್ತ ನಿಂತವರಲ್ಲಿ ಒಬ್ಬನೂ ಬಿಡಿಸಲಿಲ್ಲ, ಎಲ್ಲರೂ ಮೊಬೈಲ್ ಹಿಡಿದಿದ್ದರು. ಸಂಜೆಯ ಹೊತ್ತಿಗೆ ಹನೂರಿನಿಂದ ಯಳಂದೂರಿನವರೆಗೆ ನಾನು ಮಣ್ಣು ತಿನ್ನುವ ವಿಡಿಯೋ ನೋಡದವರಿರಲಿಲ್ಲ.

ಪಕ್ಕೆಯ ಮೂಳೆ ಕೂಡಿಕೊಂಡಿತು. ಹೊಟ್ಟೆಯೊಳಗಿನ ಉರಿ ಆರಲಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಮಚ್ಚನ್ನು ಗೋಣಿಯಲ್ಲಿ ಸುತ್ತಿಕೊಂಡು ಹೊರಟೆ. ಬಾಗಿಲಲ್ಲಿ ಮಾವ ಸಿಕ್ಕಿದ.

"ಎಲ್ಲಿಗ್ಲಾ?"

"ಕಡ್ದಾಕಕ್ಕೆ."

ಕೊಡು ಎಂದ. ಕೊಡಲಿಲ್ಲ. ಗೋಣಿಯ ಸಮೇತ ಅಲಗಿಗೇ ಕೈ ಹಾಕಿ ಕಿತ್ತುಕೊಂಡ. ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿಯಿತು. ಅದೇ ಕೈಯಲ್ಲಿ ನನ್ನ ಕೆನ್ನೆಗೆ ಬಾರಿಸಿದ. ನಾನು ಹೊಸ್ತಿಲ ಮೇಲೆ ಬಿದ್ದೆ. ಆಮೇಲೆ ಪಕ್ಕದಲ್ಲೇ ಕುಕ್ಕರಿಸಿ, ಟವೆಲನ್ನು ಅಂಗೈಗೆ ಸುತ್ತಿಕೊಳ್ಳುತ್ತಾ ಹೇಳಿದ: "ನಮ್ಮಕ್ಕ ಸತ್ತಾಗ ಮೊಕ ನೋಡಕಾಗ್ನಿಲ್ಲ ಕಣ್ಲಾ. ಆ ನನ್ಮಗನ್ ಕೈ ಕಡ್ದೆ, ಅಕ್ಕನ್ ಮೊಕ ಕಳ್ಕಂಡೆ. ನೀನು ಒಳಿಕ್ಕೋದ್ರೆ ನಾ ಸತ್ತಾಗ ನೀರ್ ಉಯ್ಯೋರ್ ಯಾರ್ಲಾ?" ಜೈಲಿನ ಬಗ್ಗೆ ಅವನು ಆಡಿದ್ದು ಇಷ್ಟೇ.

ನನ್ನ ಹತ್ತಿರ ಕೊಳ್ಳೇಗಾಲದಲ್ಲಿ ಕೊಂಡ ಹಳೆಯ ಕಂಪ್ಯೂಟರ್ ಒಂದಿತ್ತು. ಅದಕ್ಕೆ ಡಬ್ಬದಂಥ ದಪ್ಪ ಮಾನಿಟರ್. ಅದರಲ್ಲಿ ಬಂದೂಕಿನ ಆಟ ಆಡುತ್ತಿದ್ದೆ. ಆಟಕ್ಕೆ ಕೂತರೆ ನನಗೆ ಊಟ ನೆನಪಾಗುವುದಿಲ್ಲ, ಮಚ್ಚೂ ನೆನಪಾಗುವುದಿಲ್ಲ ಎನ್ನುವುದನ್ನು ಮಾವ ಗಮನಿಸಿದ್ದ. ಒಂದು ದಿನ ಹಿಂದೆ ನಿಂತು ನೋಡಿ, "ಇದ್ರಲ್ ಸತ್ತೋರು ಏನಾಯ್ತಾರ್ಲಾ?" ಎಂದ. ಮುಂದಿನ ಆಟಕ್ಕೆ ಎದ್ದು ಬರುತ್ತಾರೆ ಎಂದೆ. ಮಾನಿಟರಿನ ತಲೆಗೊಂದು ಮೊಟಕಿದ. "ನಡಿ ಮತ್ತೆ. ಈ ಡಬ್ಬ ಬ್ಯಾಡ, ಒಳ್ಳೇದ್ ತರಾನ. ಕಡಿಯೋದೆಲ್ಲ ಅದ್ರಲ್ಲೇ ಕಡಿ."

ಹೀಗೆ ಮಾವ ನನ್ನನ್ನು ಕೊಲೆಯಿಂದ ಬಿಡಿಸಲು ಕೊಳ್ಳೇಗಾಲದ ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದ.

"ಆಫೀಸ್ ಕೆಲ್ಸಕ್ಕಾ ಸಾ, ಗೇಮ್ಸಿಗಾ?" ಎಂದು ಅಂಗಡಿಯವನು ಕೇಳಿದ.

"ಒಡದಾಡಕ್ಕೆ. ನಮ್ಮುಡ್ಗ ದಿನಾಗ್ಲೂ ಒಡದಾಡ್ಬೇಕು, ಬ್ಯಾಸ್ರ ಆಗ್ಬಾರ್ದು. ಅಂತಾದ್ ತೋರ್ಸು."

ಅವನು ಮೂರು ಮಾನಿಟರ್ ಹಚ್ಚಿ ಸಾಲಾಗಿ ಇಟ್ಟ. ಒಂದು ದೊಡ್ಡದು, ಬಣ್ಣ ಕಣ್ಣಿಗೆ ರಾಚುವಂಥದು. ಇನ್ನೊಂದು ಬಾಗಿದ್ದು. ಮೂರನೆಯದು ಚಪ್ಪಟೆಯದು, ಚಿಕ್ಕದು, ಆದರೆ ನೂರ ನಲವತ್ನಾಲ್ಕು ಹರ್ಟ್ಸಿನದು. ನನ್ನ ಕಣ್ಣು ಅದರ ಮೇಲಿತ್ತು. ದೊಡ್ಡದರಲ್ಲಿ ಶತ್ರು ಓಡಿದರೆ ಅವನ ಹಿಂದೆ ನೆರಳಿನಂತೆ ಮಸುಕು ಉಳಿಯುತ್ತದೆ, ನಾವು ಮಸುಕಿಗೆ ಗುಂಡು ಹೊಡೆದು ಸಾಯುತ್ತೇವೆ, ಇದರಲ್ಲಿ ಚಿತ್ರ ಬೇಗ ಬೇಗ ಬದಲಾಗುತ್ತದೆ ಎಂದು ಮಾವನಿಗೆ ವಿವರಿಸಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿದ್ದನ್ನು ನೋಡಿ, "ಇದ್ಯಾಕ್ಲಾ ಸೊಟ್ಗದೆ, ಬಿಸ್ಲಲ್ ಮಡ್ಗಿದ್ರಾ?" ಎಂದ. ದೊಡ್ಡದು ಅವನಿಗೆ ಹಿಡಿಸಿತ್ತು. "ಒಡಿಯೋನ್ ಮೊಕ ನೆಟ್ಗೆ ಕಾಣ್ಬೇಕು, ಇದ್ನೇ ತಕಳಾನ."

ಅಂಗಡಿಯವನು ಒಂದು ಆಟ ಹಾಕಿ ತೋರಿಸಿದ. ಗುಂಡು ತಗುಲಿದವನು ತೆಪ್ಪಗೆ ಬಿದ್ದ. ಮಾವನಿಗೆ ಸಮಾಧಾನವಾಗಲಿಲ್ಲ. "ಅಷ್ಟೇಯಾ? ಕೂಗ್ಕೊಳ್ನೇ ಇಲ್ವಲ್ಲ. ಪೆಟ್ಟು ಬಿದ್ದೋನು ಅವ್ವಾ ಅಂತಾನೆ ಕಣಯ್ಯಾ. ಎಂತಾ ಗಂಡ್ಸಾದ್ರೂ ಅಂತಾನೆ."

ಸಂತೆಯಲ್ಲಿ ಕುರಿ ಕೊಳ್ಳುವಾಗ ಮಾವ ಮಾರುವವನ ಮಾತು ನಂಬುತ್ತಿರಲಿಲ್ಲ. ಕುರಿಯ ಸೊಂಟದ ಮೇಲೆ ಹೆಬ್ಬೆರಳು ಊರಿ ಒತ್ತುತ್ತಿದ್ದ. ಮೂಳೆ ಎಷ್ಟು ಆಳಕ್ಕೆ ಸಿಕ್ಕಿತು ಎನ್ನುವುದರ ಮೇಲೆ ಮಾಂಸ ಎಷ್ಟಿದೆ ಎಂದು ತಿಳಿಯುತ್ತಿದ್ದ. ನಾನು ಆ ಚಿಕ್ಕದರ ಗುಣಗಾನ ಮಾಡಿ ಮುಗಿಸುವಷ್ಟರಲ್ಲಿ, "ಇಷ್ಟು ತೆಳ್ಳಗಿರೋದ್ರಲ್ ಏನಿದ್ದದ್ಲಾ" ಎಂದವನೇ ಅದರ ಬೆನ್ನಿಗೆ ನಾಲ್ಕು ಬೆರಳು ಕೊಟ್ಟು, ಪರದೆಯ ಮೇಲೆ ಹೆಬ್ಬೆರಳಿಟ್ಟು ಜೋರಾಗಿ ಒತ್ತಿದ. ಎಣ್ಣೆ ಬಿದ್ದ ನೀರಿನಂತೆ ಬಣ್ಣಗಳು ಅಲೆಯಾಡಿದವು. ಬೆರಳು ತೆಗೆದರೂ ಆ ಜಾಗದಲ್ಲಿ ಕಪ್ಪು ಕಲೆ ನಿಂತಿತು.

"ಲೇ, ಕೈ ತೆಗಿಯೋ!" ಎಂದು ಅಂಗಡಿಯವನು ಕಿರುಚಿದ.

ಕಿರುಚಿದ್ದೇ ತಪ್ಪಾಯಿತು. ಮಾವನ ಮುಷ್ಟಿ ಹೋದದ್ದು ನನಗೂ ಕಾಣಲಿಲ್ಲ. ಅಂಗಡಿಯವನ ತುಟಿ ಒಡೆದು ಗಾಜಿನ ಕೌಂಟರಿನ ಮೇಲೆಲ್ಲ ರಕ್ತ. ಪಕ್ಕದ ಮೊಬೈಲ್ ಅಂಗಡಿಯವರು ನುಗ್ಗಿದರು. ಮಾವ ಒಬ್ಬನ ಕತ್ತುಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಇನ್ನೊಬ್ಬ ಕುರ್ಚಿ ಎತ್ತಿ ಮಾವನ ಬೆನ್ನಿಗೆ ಬಿಟ್ಟ, ಕುರ್ಚಿಯ ಕಾಲು ಮುರಿಯಿತು. ನಾನು ಸುಮ್ಮನಿದ್ದೆನೆ? ಅವನ ಹೊಟ್ಟೆಗೆ ಒದ್ದೆ. ಎಷ್ಟು ಹಿತವಾಯಿತು ಎಂದರೆ, ಅಲ್ಲಿಗೆ ಬಂದ ಉದ್ದೇಶವೇ ಮರೆತುಹೋಯಿತು.

ನನ್ನ ಮುಖ ಕಂಡು ಮಾವ ತಟ್ಟನೆ ನಿಂತ. ಎತ್ತಿದ ಕೈ ಇಳಿಸಿ ನನ್ನನ್ನು ಮೂಲೆಗೆ ನೂಕಿದ. ಆ ಕಲೆಯನ್ನು ನೋಡಿ ಅಂಗಡಿಯವನನ್ನು ಮೆಲ್ಲಗೆ ಕೇಳಿದ: "ಇದು ವಾಸಿ ಆಯ್ತದಾ?"

"ಇಲ್ಲ ಸಾ" ಎಂದ ಅವನು, ಬಾಯಿ ಒರೆಸಿಕೊಳ್ಳುತ್ತಾ. ಲೇ ಅನ್ನುವುದು ಬಿಟ್ಟು ಮತ್ತೆ ಸಾ ಅನ್ನುವುದಕ್ಕೆ ಬಂದಿದ್ದ.

"ಸರಿ, ಕಟ್ಕೊಡು. ಸಂತೇಲಿ ನಮ್ ಕೈಲಿ ಕಾಲ್ ಮುರುದ್ರೆ ಆ ಕುರಿ ನಮ್ದೇಯ."

ಆಯ್ಕೆ ಅಲ್ಲಿಗೆ ಮುಗಿಯಿತು. ನಾನು ಬಯಸಿದ ಮಾನಿಟರೇ ಮನೆಗೆ ಬಂತು, ಮೂಲೆಯಲ್ಲಿ ಮಾವನ ಹೆಬ್ಬೆರಳಿನ ಕಲೆಯೊಂದಿಗೆ. ಹೊರಡುವ ಮೊದಲು ಮಾವ ಅಂಗಡಿಯವನಿಗೆ ಟೀ ತರಿಸಿ, ಒಡೆದ ತುಟಿಗೆ ಬಿಸಿ ತಾಗದಂತೆ ತಾನೇ ಆರಿಸಿ ಕೊಟ್ಟ. ಪಾಪ, ಅವನು ಹೆದರಿಕೊಂಡೇ ಕುಡಿದ.

ಅಂದಿನಿಂದ ಅಂಗಡಿ ಮುಚ್ಚಿದ ಮೇಲೆ ಮಾವ ನನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. "ಬಲಕ್ ನೋಡ್ಲಾ ಬಡ್ಡೈದ, ಗ್ವಾಡೆ ಇಂದ್ಗಡೆ ಅವ್ನೆ!" ಎಂದು ಕೂಗಿ ಅಡಿಗೆಮನೆಯಲ್ಲಿ ಅತ್ತೆಯನ್ನು ಬೆಚ್ಚಿಬೀಳಿಸುತ್ತಿದ್ದ. ನನ್ನನ್ನು ಯಾರಾದರೂ ಕೊಂದರೆ, "ಅವ್ನು ಯಾವೂರೋನ್ಲಾ?" ಎನ್ನುತ್ತಿದ್ದ. ಗೊತ್ತಿಲ್ಲ, ಎಲ್ಲೋ ದೂರದವನು ಎಂದರೆ, "ಬದ್ಕಂಡ ಬುಡು" ಎಂದು ಮೀಸೆ ಸವರಿಕೊಳ್ಳುತ್ತಿದ್ದ. ದಿನಾ ಕೊಂದೆ, ದಿನಾ ಸತ್ತೆ. ಕೆಂಪು ಟ್ರ್ಯಾಕ್ಟರಿನವನ ಮೇಲಿನ ಉರಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಮಚ್ಚಿನ ಕಡೆ ಕೈ ಹೋಗಲಿಲ್ಲ.

ಮರುವರ್ಷ ಕಬ್ಬು ಕಡಿಯುವ ಕಾಲಕ್ಕೆ ಕೆಂಪು ಟ್ರ್ಯಾಕ್ಟರಿನವನು ಆ ವಿಡಿಯೋವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಮತ್ತೆ ತೋರಿಸುತ್ತಿದ್ದಾನೆ ಎಂಬ ಸುದ್ದಿ ಬಂತು. ನಾನು ಎದ್ದೇಳುವ ಮೊದಲೇ ಮಾವ ಎದ್ದಿದ್ದ. ಅದೇ ಕುಂತೂರಿನ ರಸ್ತೆಯಲ್ಲಿ ಅವನನ್ನು ಟ್ರ್ಯಾಕ್ಟರಿನಿಂದ ಇಳಿಸಿ, ಅವನ ಲೋಡಿನದೇ ಜಲ್ಲೆ ಹಿರಿದು, ಮುರಿದರೆ ಇನ್ನೊಂದು ಹಿರಿದು ಹೊಡೆದನಂತೆ. ಎರಡೂ ಕೈ ಮುರಿದು, ಮೊಬೈಲನ್ನು ಟೈರಿನ ಕೆಳಗಿಟ್ಟು ಟ್ರ್ಯಾಕ್ಟರ್ ಹತ್ತಿಸಿದನಂತೆ. ಹರಿದ ಅಂಗಿಯಲ್ಲಿ ಮನೆಗೆ ಬಂದು, "ಮುಗೀತು ಕಣ್ಲಾ. ಇನ್ ನೀನು ಅವ್ನ್ ತಂಟೆಗೋಗಂಗಿಲ್ಲ" ಎಂದ. ಅಂಗಡಿ ಮುಚ್ಚಿ, ಬೇಲು ಸಿಗುವವರೆಗೆ ಸ್ಟೇಷನ್ನು ಕೋರ್ಟು ಎಂದು ಅಲೆದ. ಮುಖದಲ್ಲಿ ಮಾತ್ರ ಮಗಳ ಮದುವೆ ಮುಗಿಸಿದವನ ನೆಮ್ಮದಿಯಿತ್ತು.

ಕೆಂಪು ಟ್ರ್ಯಾಕ್ಟರಿನವನ ಅಣ್ಣ ತಮ್ಮಂದಿರು ಬಂದದ್ದು ಒಂದು ಮಧ್ಯಾಹ್ನ. ಅತ್ತೆ ಸಂಘದ ಮೀಟಿಂಗಿಗೆ ಹೋಗಿದ್ದಳು. ನಾನು ಒಳಗೆ ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದೆ. ಕಿವಿಯ ತುಂಬ ಗುಂಡಿನ ಸದ್ದು. ಜಗುಲಿಯಲ್ಲಿ ಏನಾಯಿತು ಎನ್ನುವುದನ್ನು ಎದುರು ಮನೆಯವರು ಆಮೇಲೆ ಹೇಳಿದರು. ಬೈಕುಗಳು ನಿಂತದ್ದನ್ನು ಕಂಡ ಮಾವ ಮೊದಲು ಮಾಡಿದ ಕೆಲಸ ನಮ್ಮ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದು. ಆಮೇಲೆ ಅವರ ಕಡೆ ತಿರುಗಿದನಂತೆ. ಬರಿಗೈಯಲ್ಲಿ ಒಬ್ಬನ ದವಡೆ ಮುರಿದ. ಉಳಿದವರ ಕೈಯಲ್ಲಿ ಮಚ್ಚಿತ್ತು.

ಆಟ ಮುಗಿಸಿ, ನೀರು ಕುಡಿಯೋಣವೆಂದು ಎದ್ದು ಬಾಗಿಲು ಎಳೆದೆ. ಬರಲಿಲ್ಲ.

"ಮಾವ, ಚಿಲಕ ಯಾಕಾಕಿದ್ದೀಯ? ತಗಿ."

"ತಗಿಯಕಿಲ್ಲ." ದನಿ ಬಾಗಿಲಿಗೆ ಅಂಟಿಕೊಂಡಂತೆ ಹತ್ತಿರದಿಂದ ಬಂತು. "ಅವ್ರು ಬಂದವ್ರೆ. ಮಾತಾಡಿ ಕಳುಸ್ತಾ ಇವ್ನಿ. ನೀ ಈಚೆ ಬಂದ್ರೆ ಕೆಡ್ತದೆ."

"ಒಡುದ್ರಾ?"

"ನನ್ ಒಡಿಯೋ ಗಂಡ್ಸು ಎಲ್ಲವ್ನೆ ಬುಡ್ಲಾ. ಓಗು, ಇನ್ನೊಂದ್ ಆಟ ಆಡು. ಅಷ್ಟ್ರಲ್ಲಿ ಅವ್ರು ಓಯ್ತಾರೆ."

ದನಿ ಸ್ವಲ್ಪ ದಣಿದಂತಿತ್ತು, ಅಷ್ಟೇ. ಮಾವ ಮಾತಾಡಿ ಕಳಿಸುವುದನ್ನು ಕಲಿತನಲ್ಲ ಎಂದು ನನಗೆ ನಗು ಬಂತು. ಒಳಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡೆ. ಇನ್ನೊಂದು ಆಟ ಆಡಿದೆ. ಗೆದ್ದೆ. ಅತ್ತೆ ಬಂದು ಚಿಲಕ ತೆಗೆದಾಗ, ಬಾಗಿಲಿಗೆ ಒರಗಿ ಕೂತಿದ್ದ ಮಾವ ಹಿಮ್ಮುಖವಾಗಿ ಒಳಕ್ಕೆ ಉರುಳಿದ. ಹೊಟ್ಟೆ ಹರಿದಿತ್ತು. ಕುತ್ತಿಗೆಯ ಪಕ್ಕ ಮಚ್ಚಿನ ಏಟು. ಆಸ್ಪತ್ರೆ ದೂರವೇನೂ ಇರಲಿಲ್ಲ. ಆಟೋ ಹತ್ತಿಸುವ ಮೊದಲೇ ಅವನು ಹೋಗಿದ್ದ.

ಪೋಸ್ಟ್‌ಮಾರ್ಟಂ ಮುಗಿಸಿ ಮಾರನೆಯ ದಿನ ದೇಹ ಕೊಟ್ಟರು. ಜಗುಲಿಯಲ್ಲಿ ಮಲಗಿಸಿದ್ದರು. ನಾನು ಅಂಗಡಿಯ ಬೀಗ ಒಡೆದು ಮಚ್ಚು ತೆಗೆದುಕೊಂಡೆ. ಈ ಸಲ ಗೋಣಿಯಲ್ಲಿ ಸುತ್ತಲಿಲ್ಲ. ನೆಂಟರು ದಾರಿ ಬಿಟ್ಟು ಸರಿದರು, ಒಬ್ಬರೂ ತಡೆಯಲಿಲ್ಲ. ಕೆಲವರ ಕಣ್ಣಿನಲ್ಲಿ, ಇನ್ನೂ ಯಾಕೆ ಹೊರಟಿಲ್ಲ ಎನ್ನುವ ಪ್ರಶ್ನೆಯೂ ಇತ್ತು. ಮಾವನ ತಲೆಯ ಹತ್ತಿರ ಕೂತಿದ್ದ ಅತ್ತೆ ಮಾತ್ರ ನನ್ನನ್ನೇ ನೋಡಿದಳು. ಅಳುತ್ತಿರಲಿಲ್ಲ.

"ಓಯ್ತೀಯಾ? ಓಗು ಮಗಾ. ಚಿಲಕ ಆಕೋರು ಇನ್ಯಾರೂ ಇಲ್ಲ." ಮಾವನ ಹಣೆ ಸವರಿ ಅಂದಳು: "ನಿಮ್ಮಾವನ್ಗೆ ನೀರ್ ಉಯ್ಬೇಕು. ಬ್ಯಾರೇರ್ ಕೈಲಿ ಉಯ್ಸ್ಲಾ?"

ಇನ್ನೊಂದು ಕೈಯಿಂದ ಒಂದೊಂದೇ ಬೆರಳು ಬಿಡಿಸಿ ಮಚ್ಚನ್ನು ಈಚೆ ತೆಗೆದೆ. ಅದನ್ನು ಅತ್ತೆಯ ಕಾಲ ಬಳಿ ಇಟ್ಟು ಹಿತ್ತಿಲಿಗೆ ಹೋದೆ. ಹಂಡೆಯಲ್ಲಿ ನೀರು ಕಾದಿತ್ತು. ಬೆರೆಸಿಕೊಂಡು ಬಂದು ಮಾವನ ತಲೆಗೆ ಹೊಯ್ದೆ.