ಹೂಂ ಟೀಚರ್

ಅವರೆಕಾಯಿಯ ಸೊಗಡು ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಸವಳಂಗದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅರ್ಧ ಮೊರ ಕಾಯಿ ಸುಲಿದು, ಕಾಫಿ ಕುಡಿಯೋಣವೆಂದು ಲೋಟ ಎತ್ತಿದೆ. ಕಾಫಿಗಿಂತ ಮೊದಲು ಆ ಸೊಗಡೇ ಮೂಗಿಗೆ ಬಂತು. ಅದರ ಹಿಂದೆಯೇ ಅವರೂ ಬಂದರು... ದಪ್ಪ ಗಾಜಿನ ಕನ್ನಡಕ, ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಹೆಸರು ಹಿಡಿದು ಕರೆಯುವ ಸಲಿಗೆ ನಮಗೆ ಯಾರಿಗೂ ಇರಲಿಲ್ಲ. ಎದುರಿಗೆ ಟೀಚರ್ ಅನ್ನುತ್ತಿದ್ದೆವು, ಬೆನ್ನ ಹಿಂದೆ ಹೂಂ ಟೀಚರ್.

ಎಂಬತ್ತರ ದಶಕದ ಆರಂಭದ ಮಾತು. ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ನಮಗೆ ಎಲ್ಲಕ್ಕೂ ಹೊನ್ನಾಳಿಯೇ. ನಾನು ಊರಿನ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಹೊನ್ನಾಳಿಯ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಭಾನುವಾರಗಳಂದು ಹೆಂಗಸರಿಗೆ ‘ಆಪ್ತಸಲಹೆ ತರಬೇತಿ’ ಶುರುವಾಗಿದೆ, ಕಷ್ಟದಲ್ಲಿರುವವರಿಗೆ ನೆರವಾಗುವ ವಿದ್ಯೆಯಂತೆ ಎಂದು ಯಾರೋ ಹೇಳಿದ್ದೇ ತಡ, ಕುಣಿದುಕೊಂಡು ಹೋಗಿ ಸೇರಿಕೊಂಡೆ. ಸಲಹೆ ಕೊಡುವುದರಲ್ಲಿ ನಾನು ಮೊದಲಿನಿಂದಲೂ ಧಾರಾಳಿ. ಕೇಳಿದವರಿಗೆ ಒಂದು ಕೊಟ್ಟರೆ ಕೇಳದವರಿಗೆ ಎರಡು ಕೊಡುತ್ತಿದ್ದೆ.

ಸೇರಿದ್ದಕ್ಕೆ ನಿಜವಾದ ಕಾರಣ ಚಿಕ್ಕಮ್ಮ. ಚಿಕ್ಕಪ್ಪನ ಹೆಂಡತಿ, ನನಗಿಂತ ಸ್ವಲ್ಪವೇ ದೊಡ್ಡವಳು. ಹಿಂದಿನ ಮಳೆಗಾಲದಲ್ಲಿ ಅವಳ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡಿದ್ದ. ಆಗಷ್ಟೇ ಮಾತು ಕಲಿತು ಮನೆ ತುಂಬ ವಟವಟ ಎನ್ನುತ್ತಿದ್ದ ಮಗು. ಮಾತಾಡಿಸಲು ಬಂದವರೆಲ್ಲ “ಹೋಗ್ಲಿ ಬಿಡವ್ವ, ದೇವ್ರು ಇನ್ನೊಂದು ಕೊಡ್ತಾನೆ” ಅಂದು ಎದ್ದು ಹೋದರು. ಆಮೇಲೆ ಚಿಕ್ಕಮ್ಮ ಮಾತು ನಿಲ್ಲಿಸಿದಳು. ರೊಟ್ಟಿ ತಟ್ಟುತ್ತಿದ್ದಳು, ದನಕ್ಕೆ ಹುಲ್ಲು ಹಾಕುತ್ತಿದ್ದಳು, ಕರೆದರೆ ಬರುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದ್ದಾಯಿತು. ಕೊನೆಗೆ ಅಜ್ಜಿ ತೀರ್ಮಾನ ಮಾಡಿಬಿಟ್ಟಳು. ಸಂಕ್ರಾಂತಿ ಕಳೆದ ಮೇಲೆ ಸಾಸ್ವೆಹಳ್ಳಿಯಿಂದ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋಗಲಿ ಎಂದಳು. ಹಾಗೆ ಹೋದ ಮೇಲೆ ಮತ್ತೆ ಕರೆತರುವ ಮಾತಿಲ್ಲ, ಚಿಕ್ಕಪ್ಪನಿಗೆ ಬೇರೆ ಹೆಣ್ಣು ನೋಡುತ್ತಾರೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದ. ಅವಳ ಬಾಯಿ ಬಿಡಿಸುವ ಮಂತ್ರವೇನಾದರೂ ಹೊನ್ನಾಳಿಯಲ್ಲಿ ಸಿಕ್ಕೀತೆಂಬ ಆಸೆ ನನ್ನದು.

ಟೀಚರ್ ಜಗಳೂರಿನವರು, ಒಂಟಿ ಹೆಂಗಸು. ದೂರದ ಊರಿನಲ್ಲಿ ಈ ವಿದ್ಯೆ ಓದಿ ಬಂದಿದ್ದರು. ಮೊದಲ ದಿನ ನಮ್ಮನ್ನೆಲ್ಲ ಚಾಪೆಯ ಮೇಲೆ ದುಂಡಗೆ ಕೂರಿಸಿ, “ಹೊರಗಿನ ಬೋರ್ಡ್ ಓದಿದ್ರಾ? ಅದ್ರಾಗೆ ಒಂದು ತಪ್ಪೈತೆ. ಸಲಹೆ ಅಂತ ಬರ್ದಾರೆ. ಇಲ್ಲಿ ಅದೊಂದು ಮಾಡಂಗಿಲ್ಲ” ಎಂದರು.

ನನಗೆ ನೆಲ ಕುಸಿದಂತಾಯಿತು. ಪಕ್ಕದಲ್ಲಿ ಚನ್ನಗಿರಿಯ ಟೈಲರಮ್ಮ ಕೂತಿದ್ದಳು. ಮೆಷಿನ್ ತುಳಿದು ಸಂಸಾರ ಸಾಕುತ್ತಿದ್ದ ಮುಸ್ಲಿಂ ಹೆಂಗಸು, ಬಾಯಿ ನನಗಿಂತ ಜೋರು. “ಬುದ್ಧಿ ಹೇಳದಂಗೆ ಇದ್ರೆ ನಂಗೆ ಹೊಟ್ಟೆ ಉಬ್ಬರಿಸ್ತೈತೆ ಟೀಚರ್” ಎಂದಳು.

“ಉಬ್ಬರಿಸ್ಲಿ. ಅದ್ರಿಂದ ಯಾರೂ ಸತ್ತಿಲ್ಲ” ಎಂದರು ಟೀಚರ್.

ಅವರ ತರಗತಿಯಲ್ಲಿ ‘ಹೋಗ್ಲಿ ಬಿಡ್ರಿ’ ಎಂಬ ಮಾತಿಗೆ ನಿಷೇಧ. ಗಾದೆಗಳಿಗೂ ನಿಷೇಧ. ಗಾದೆ ಹೇಳಿದ ಕೂಡಲೇ ಎದುರಿನವರ ಮಾತು ಮುಗಿದುಹೋಗುತ್ತದೆ, ನಮಗೇನೋ ದೊಡ್ಡದು ಹೇಳಿದ ಸಮಾಧಾನ ಅಷ್ಟೇ ಎನ್ನುತ್ತಿದ್ದರು. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ತಮ್ಮದೊಂದು ನಿಜವಾದ ಬೇಸರ ಹೇಳಬೇಕು, ಇನ್ನೊಬ್ಬರು ಕೇಳಬೇಕು ಎನ್ನುವುದು ಅಭ್ಯಾಸ. ನಿಷೇಧದ ಮಾತು ಬಾಯಿಂದ ಬಿದ್ದರೆ ಬೋರ್‌ವೆಲ್ಲಿನಿಂದ ಒಂದು ಕೊಡ ನೀರು ತಂದು ಶಾಲೆಯ ಹಂಡೆಗೆ ಸುರಿಯಬೇಕು. ಮಾತಿಗೊಂದು ಗಾದೆ ಜೋಡಿಸುವ ನನ್ನಂಥವಳಿಗೆ ಸೊಂಟ ಬಿದ್ದುಹೋಯಿತು. ಆ ವರ್ಷ ಶಾಲೆಯ ಹಂಡೆ ಬರಿದಾದದ್ದನ್ನು ಯಾರೂ ನೋಡಲಿಲ್ಲ. ಒಂದು ಸಲ ಬಸ್ಸು ತಪ್ಪಿ ತಡವಾಗಿ ಬಂದ ಯಾರೋ ತಪ್ಪಾಯಿತು ಅಂದಾಗ ಟೀಚರೇ ಬಾಯ್ತಪ್ಪಿ “ಹೋಗ್ಲಿ ಬಿಡ್ರಿ” ಅಂದುಬಿಟ್ಟರು. ನಾವು ಹೋ ಎಂದು ಕೂಗಿದೆವು. ಅವರು ಸೆರಗು ಸಿಕ್ಕಿಸಿ ಕೊಡ ಎತ್ತಿಕೊಂಡು ಹೋದರು. ಬರುವಾಗ ಸೀರೆಯೆಲ್ಲ ಒದ್ದೆ, ಮುಖದ ತುಂಬ ನಗು. ಅವತ್ತೇ ಇರಬೇಕು ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು...

ಬುದ್ಧಿ ಹೇಳುವುದು ಯಾಕೆ ಬೇಡವೆಂದು ಕೇಳಿದರೆ ಅವರು ತಮ್ಮ ಚೀಲದ ದಾರದ ಗಂಟು ತೋರಿಸುತ್ತಿದ್ದರು. “ಗಂಟು ಎಲ್ಲೈತೆ ಅಂತ ಬಿಚ್ಚೋರ ಕೈಗೆ ಗೊತ್ತಾಗ್ತೈತೆ. ಪಕ್ಕದಾಗೆ ಕೂತೋರು ಕೈ ಹಾಕಿ ಎಳೆದ್ರೆ ಇನ್ನೂ ಬಿಗೀತೈತೆ.” ಎದುರಿಗಿರುವವರು ಹೇಗಿದ್ದಾರೋ ಹಾಗೇ ಒಪ್ಪಿಕೊಂಡು, ನಾಟಕ ಮಾಡದೆ ಜೊತೆಗಿರಬೇಕು, ಅದೇ ಅವರ ಪಾಠದ ತಿರುಳು. ಕೇಳಲು ಸುಲಭ. ಮಾಡಲು ಹೋದರೆ ನಾಲಗೆ ತುರಿಸುತ್ತಿತ್ತು.

ಆಮೇಲೆ ಬಂತು ಮಾತು ಮರಳಿಸುವ ಪಾಠ. ಎದುರಿನವರು ಹೇಳಿದ್ದನ್ನೇ ಮೆಲ್ಲಗೆ ತಿರುಗಿ ಹೇಳಿದರೆ, ತಮ್ಮ ಮಾತು ತಲುಪಿತೆಂದು ಅವರಿಗೆ ಧೈರ್ಯ ಬರುತ್ತದಂತೆ. ಟೀಚರ್ ಓದಿ ಬಂದಿದ್ದ ಪುಸ್ತಕದಲ್ಲಿ ಹಾಗೆ ಇತ್ತು. ನಾವು ಚಾಪೆಯ ಮೇಲೆ ಚೆನ್ನಾಗಿಯೇ ಅಭ್ಯಾಸ ಮಾಡಿ, ಊರುಗಳಿಗೆ ಹೋಗಿ ಪ್ರಯೋಗಿಸಿದೆವು.

ಟೈಲರಮ್ಮನ ಹತ್ತಿರ ರವಿಕೆ ಹೊಲಿಸಲು ಬಂದ ಹೆಂಗಸು “ನನ್ ಗಂಡ ದಿನಾ ಕುಡಿದು ಬರ್ತಾನೆ” ಅಂದಳಂತೆ. ಇವಳು ಪಾಠ ನೆನೆದು “ನಿನ್ ಗಂಡ ದಿನಾ ಕುಡಿದು ಬರ್ತಾನೆ” ಅಂದಿದ್ದಾಳೆ. ಇವಳ ಗಂಟಲು ಗೊತ್ತಲ್ಲ, ಬೀದಿಗೆಲ್ಲ ಕೇಳಿಸಿದೆ. “ಊರಿಗೆಲ್ಲ ಡಂಗುರ ಹೊಡೀತೀಯೇನೇ” ಎಂದು ಆಕೆ ಅರ್ಧ ಹೊಲಿದ ರವಿಕೆಯನ್ನೇ ಕಿತ್ತುಕೊಂಡು ಹೋದಳಂತೆ.

ನನ್ನದು ನಗುವಂಥದ್ದಾಗಿರಲಿಲ್ಲ. ಸಂಜೆ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದ ಚಿಕ್ಕಮ್ಮ, ತಿಂಗಳುಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. “ಕೂಸಿನ ಅಂಗಿ ಎಲ್ಲಿ?” ಅಂದಳು. ಮಗುವಿನ ಬಟ್ಟೆಗಳನ್ನೆಲ್ಲ ಅಜ್ಜಿ ಯಾರಿಗೋ ಕೊಟ್ಟುಬಿಟ್ಟಿದ್ದಳು. ನಾನು ಹಿಗ್ಗಿಹೋಗಿ, ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದೆ. “ಕೂಸಿನ ಅಂಗಿ ಎಲ್ಲಿ ಅಂತೀಯ” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. “ನೀನೂ ಅಣಕಿಸ್ತೀಯಾ” ಎಂದು ಒಳಗೆ ಹೋದಳು. ಮತ್ತೆ ಬಾಯಿ ಮುಚ್ಚಿತು.

ಆ ಭಾನುವಾರ ಟೈಲರಮ್ಮನ ಕಥೆಗೆ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನದು ಕೇಳಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಕೂತರು. “ತಪ್ಪು ನಿಮ್ದಲ್ಲ, ಪಾಠದ್ದು” ಎಂದರು. “ಆ ಪುಸ್ತಕ ಬರೆದೋರ ಊರಾಗೆ ಮಾತು ತಿರುಗಿಸಿ ಹೇಳಿದ್ರೆ ಕೇಳಿಸ್ಕಂಡ್ರು ಅಂತ ಅರ್ಥ. ನಮ್ಮ ಕಡೆ ಅಣಕ ಅಂತ ಅರ್ಥ. ನಾನು ಅದನ್ನ ಯೋಚ್ನೆ ಮಾಡ್ಬೇಕಿತ್ತು. ಕೇಳಿಸ್ಕಂಡ್ವಿ ಅಂತ ನಮ್ಮೋರು ಹೆಂಗೆ ಹೇಳ್ತಾರೆ?”

ಮೂಲೆಯಲ್ಲಿ ಕೂತಿದ್ದ ತ್ಯಾವಣಿಗೆಯ ಹಿರಿಯ ಹೆಂಗಸೊಬ್ಬರು ಆಕಳಿಸುತ್ತ, “ಹೂಂ ಅಂತಾರಪ್ಪ” ಅಂದರು. ಟೀಚರ್ ಮುಖ ಅರಳಿತು. ರಾತ್ರಿ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂ ಅನ್ನಬೇಕು, ಅನ್ನದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಅದು ನಮಗೆಲ್ಲ ಹಾಲು ಕುಡಿಯುವಾಗಿನಿಂದ ಗೊತ್ತಿದ್ದದ್ದೇ. ಅಂದು ಮಧ್ಯಾಹ್ನವೆಲ್ಲ ಹೂಂ ಅನ್ನುವುದೇ ಪಾಠವಾಯಿತು. ಆಮೇಲೇನಾಯ್ತು ಅನ್ನುವ ಹೂಂ, ನಂಗೂ ಸಂಕಟ ಆಯ್ತು ಅನ್ನುವ ಹೂಂ, ಅವಸರ ಇಲ್ಲ ಅನ್ನುವ ಹೂಂ. ಶಾಲೆಯ ಜವಾನ ಕಿಟಕಿಯಲ್ಲಿ ಇಣುಕಿ, ಒಳಗೆ ದನ ನುಗ್ಗಿದವೋ ಅಂದ್ಕಂಡೆ ಎಂದು ಹೋದ. ಹೂಂ ಟೀಚರ್ ಎಂಬ ಹೆಸರು ಬಿದ್ದದ್ದು ಅವತ್ತು.

ಸಂಕ್ರಾಂತಿ ಹತ್ತಿರ ಬಂತು. ಚಿಕ್ಕಮ್ಮನ ಅಣ್ಣ ಬರುವ ದಿನವೂ ಗೊತ್ತಾಯಿತು. ನಾನು ಟೀಚರ್ ಮುಂದೆ ಅತ್ತೇಬಿಟ್ಟೆ. ಅವರು ಏನೂ ಭರವಸೆ ಕೊಡಲಿಲ್ಲ. ಮುಂದಿನ ಭಾನುವಾರ ತರಗತಿಗೆ ರಜೆ ಕೊಟ್ಟು, ಬಸ್ಸು ಹತ್ತಿ ಸವಳಂಗಕ್ಕೆ ಬಂದರು. ಓದಿದವರು ಬಂದರೆಂದು ಅಜ್ಜಿ ಕುರ್ಚಿ ಹಾಕಿಸಿ, “ಏನಾರ ಬುದ್ಧಿ ಹೇಳ್ರಿ ಇದಕ್ಕೆ” ಅಂದಳು. “ಬುದ್ಧಿ ಹೇಳಾಕೆ ಬಂದಿಲ್ಲಮ್ಮ. ಅವರೆಕಾಯಿ ತಂದಿದೀನಿ, ಸುಲಿಯೋಣ” ಎಂದ ಟೀಚರ್ ಕುರ್ಚಿ ಬಿಟ್ಟು ಚಿಕ್ಕಮ್ಮನ ಪಕ್ಕ ನೆಲದ ಮೇಲೆ ಕೂತರು. ಎದುರಿಗಲ್ಲ, ಪಕ್ಕದಲ್ಲಿ. ಮುಖ ನೋಡಲಿಲ್ಲ. ಚೀಲದ ಕಾಯಿಯನ್ನೆಲ್ಲ ಮೊರಕ್ಕೆ ಸುರಿದು ಸುಲಿಯತೊಡಗಿದರು. ಚಿಕ್ಕಮ್ಮನೂ ಸುಲಿದಳು.

ಎಷ್ಟು ಹೊತ್ತಾಯಿತೋ... ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಚಿಕ್ಕಮ್ಮ ಕೈಯಲ್ಲಿದ್ದ ಕಾಳನ್ನೇ ನೋಡುತ್ತ, “ಒಂದ್ಸಲ ಮೂಗಿನಾಗೆ ಹಾಕ್ಕಂಡಿದ್ದ” ಅಂದಳು.

“ಹೂಂ” ಅಂದರು ಟೀಚರ್.

“ಸೀನಿದ ಮ್ಯಾಲೆ ಬಂತು. ಅದನ್ನೇ ತಿನ್ನಾಕೆ ಹೋದ.”

“ಹೂಂ.”

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಅವನು ಹುಟ್ಟಿದ ದಿನ, ನಡೆದ ದಿನ, ಕರುವಿನ ಬಾಲ ಹಿಡಿದು ಬಿದ್ದದ್ದು, ಜ್ವರದ ರಾತ್ರಿ ನೀರು ಕೇಳಿದ್ದು. ಹೇಳುತ್ತ ಹೇಳುತ್ತ ಅವಳು ಅಳತೊಡಗಿದಳು. ಅಳು ಕೇಳಿ ಒಳಗಿನಿಂದ ಓಡಿಬಂದ ಅಜ್ಜಿ “ಹೋಗ್ಲಿ ಬಿ...” ಎನ್ನುವಷ್ಟರಲ್ಲಿ ಟೀಚರ್ ಅವಳ ಕೈ ಹಿಡಿದು ಕೂರಿಸಿ, ಮಡಿಲಿಗೆ ಒಂದು ಹಿಡಿ ಕಾಯಿ ಹಾಕಿದರು. ಅಜ್ಜಿ ಸುಮ್ಮನೆ ಸುಲಿದಳು. ಚಿಕ್ಕಮ್ಮ ಮಗುವಿನ ಅಂಗಿಯ ಬಣ್ಣ ಹೇಳುವಾಗ “ಹೂಂ” ಅಂದದ್ದು ಟೀಚರ್ ಅಲ್ಲ, ಅಜ್ಜಿ. ಸ್ವಲ್ಪ ಹೊತ್ತಾದ ಮೇಲೆ, “ನಂದೂ ಎರಡು ಕೂಸು ಹೋದ್ವು. ಹೇಳು ಅಂತ ಯಾರೂ ಕೇಳ್ಲಿಲ್ಲ” ಎಂದಳು. ನಮ್ಮಪ್ಪನಿಗೂ ಆ ವಿಷಯ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದು ಸಾಸ್ವೆಹಳ್ಳಿಯ ಅಣ್ಣ ಬಂದ. ಅಜ್ಜಿ ಅವನಿಗೆ ಅವರೆಕಾಳಿನ ಸಾರು ಬಡಿಸಿ, “ನಿನ್ ತಂಗಿ ಬರಲ್ಲಪ್ಪ. ಇಲ್ಲಿ ಅವಳ ಮಾತು ಇನ್ನೂ ಮುಗಿದಿಲ್ಲ” ಎಂದು ಕಳಿಸಿದಳು. ಚಿಕ್ಕಪ್ಪ ಅವತ್ತು ಹೊಲಕ್ಕೆ ಹೋಗದೆ ಮನೆಯಲ್ಲೇ ಇದ್ದ.

ತರಬೇತಿ ಮರುವರ್ಷ ನಿಂತುಹೋಯಿತು. ಟೀಚರ್ ಜಗಳೂರಿಗೆ ಮರಳಿದರು. ಟೈಲರಮ್ಮ, ನಾನು ಆಗಾಗ ಹೋಗಿ ನೋಡಿ ಬರುತ್ತಿದ್ದೆವು. ಹೋದಾಗಲೆಲ್ಲ ನಾವೇ ಬಾಯಿ ಬಿಡುತ್ತಿದ್ದೆವು, ಅವರು ಹೂಂ ಅನ್ನುತ್ತಿದ್ದರು. ಅವರ ಕಥೆ ಏನೆಂದು ಕೇಳಿದರೆ ಮಂಡಕ್ಕಿ ಕಲಸಲು ಎದ್ದು ಹೋಗುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ...

ನಿನ್ನೆ ಸಂಜೆ ಟೈಲರಮ್ಮ ಫೋನ್ ಮಾಡಿದ್ದಳು. ಟೀಚರ್ ಹೋಗಿಬಿಟ್ಟರು, ಮಣ್ಣೂ ಆಯಿತಂತೆ. ಅಷ್ಟು ಜೋರು ಬಾಯಿಯವಳು, ಮೆಲ್ಲಗೆ ಅಷ್ಟೇ ಹೇಳಿ ಫೋನ್ ಇಟ್ಟಳು. ಸುದ್ದಿ ತಿಳಿದ ಮನೆಯ ಕಿರಿಯರು, ವಯಸ್ಸಾಗಿತ್ತು, ಹೋಗ್ಲಿ ಬಿಡು ಎಂದರು. ಅವರ ತಪ್ಪಲ್ಲ. ಆದರೂ ಹೇಳಬೇಕೆಂದಿದ್ದ ನನ್ನ ಮಾತು ಅಲ್ಲಿಗೇ ನಿಂತುಹೋಯಿತು.

ಬೆಳಿಗ್ಗೆ ಆ ಸೊಗಡು ಮೂಗಿಗೆ ಬಂದದ್ದೇ ಲೋಟ ಕೆಳಗಿಟ್ಟುಬಿಟ್ಟೆ. ಪಕ್ಕದಲ್ಲಿ ಚಿಕ್ಕಮ್ಮ ಕಾಯಿ ಸುಲಿಯುತ್ತಿದ್ದಳು. ಈಗ ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಮುಖ ನೋಡಲಿಲ್ಲ. ಮೊರವನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡು, “ಹೇಳು” ಅಂದಳು.

“ಹೊನ್ನಾಳ್ಯಾಗೆ ನಮಗೊಬ್ರು ಟೀಚರ್ ಇದ್ರು” ಎಂದು ಶುರು ಮಾಡಿದೆ.

“ಹೂಂ” ಅಂದಳು ಚಿಕ್ಕಮ್ಮ.