ಬೈಸಿಕೊಳ್ಳದವಳ ಪಾನಿ

ನಮ್ಮ ಬಂಗಾರಪೇಟೆಯ ಪಾನಿಪೂರಿಯ ಪಾನಿ ಹಸಿರಾಗಿರುವುದಿಲ್ಲ. ನೋಡಿದರೆ ಬರೀ ನೀರು, ಬಾಯಿಗೆ ಬಿದ್ದರೆ ಬೆಂಕಿ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ ಅರೆದು ನೀರಿಗೆ ಹಾಕಿ, ಬಟ್ಟೆಯಲ್ಲಿ ಸೋಸುವ ಕೆಲಸ ಅಂಗಡಿಯಲ್ಲಿ ನನ್ನದು. ಪೂರಿ ಕರಿಯುವುದು ಚಿನ್ನದ ಗಣಿಯ ಕೋರಮಂಡಲ್ ಕಡೆಯ ಒಬ್ಬ ಆಸಾಮಿ. ಯಜಮಾನರ ಹೆಂಡತಿ ನನ್ನ ತವರೂರಿನವಳು, ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದವಳು ನಾನು. ಹಾಗಾಗಿ ಯಜಮಾನರು ನನಗೆ ಬಾವ. ಈ ಬಾವ ಅನ್ನುವ ಸಂಬಂಧವೇ ನನ್ನ ಬಾಯಿಗೆ ಮಣ್ಣು ಹಾಕಿತು.

ಪೂರಿಯವನಿಗೆ ಬಾವನಿಂದ ದಿನಾ ಮಂಗಳಾರತಿ. "ಏನ್ಲಾ ಇದು, ಪೂರೀನಾ ಅಪ್ಪಳಾನಾ? ಎಣ್ಣೆ ಕಾಯೋಗಂಟ ತಡ್ಕಳಕ್ಕಾಗಲ್ವೇನ್ಲಾ?" ಅದೂ ಗಿರಾಕಿಗಳ ಎದುರಿಗೇ. ಅವನು ತಮಿಳಿನಲ್ಲಿ ಏನೋ ಗೊಣಗಿಕೊಂಡು ಮತ್ತೆ ಲಟ್ಟಿಸುತ್ತಿದ್ದ. ನನಗೆ ಮಾತ್ರ, "ಚೆನ್ನಾಗೈತೆ ಕಣಮ್ಮ."

ನಮ್ಮ ಅಂಗಡಿಯಲ್ಲಿ ದೇವರ ಪಟದ ಮುಂದೆ ಒಂದು ಲೋಟ ಪಾನಿ ಇಡುವವರೆಗೆ ಮಾಡಿದವರು ಅದನ್ನು ನಾಲಿಗೆಗೆ ಸೋಕಿಸುವಂತಿಲ್ಲ. ವಾಸನೆಯಲ್ಲೇ ಉಪ್ಪು ಹುಳಿ ಅಂದಾಜು ಮಾಡಬೇಕು. ದೀಪ ಹಚ್ಚಿದ ಮೇಲೆ ಮೊದಲ ಸೌಟು ಬಾವನದು. ಅಂಗೈಗೆ ಹಾಕಿಕೊಂಡು ಹೀರುತ್ತಿದ್ದರು. ಹುಬ್ಬು ಒಂಚೂರು ಗಂಟಾಗುತ್ತಿತ್ತು. "ಓಗಮ್ಮ, ಆಲೂಗಡ್ಡೆ ಬೆಂದೈತಾ ನೋಡು" ಅಂತ ನನ್ನನ್ನು ಒಳಗೆ ಕಳಿಸುತ್ತಿದ್ದರು. ತಿರುಗಿ ಬಂದರೆ ಪಾತ್ರೆಯ ಪಕ್ಕ ಹಿಂಡಿದ ನಿಂಬೆಹೋಳು, ಬೆಲ್ಲದ ಚೂರು ಬಿದ್ದಿರುತ್ತಿದ್ದವು. ಆಮೇಲೆ ನಾನು ರುಚಿ ನೋಡಿದರೆ ಅದು ಅವರ ಪಾನಿ. ನನ್ನದು ಹೇಗಿತ್ತು ಅಂತ ಒಂದು ದಿನವೂ ನನಗೆ ಗೊತ್ತಾಗಲಿಲ್ಲ.

ಕೇಳದೇ ಬಿಟ್ಟೆನೇ? "ಬಾವ, ಏನ್ ಎಚ್ಚುಕಮ್ಮಿ ಆಗೈತೆ ಏಳಿ."

"ಏನೂ ಇಲ್ಲ ಬುಡಮ್ಮ."

ಅಕ್ಕನನ್ನು ಕೇಳಿದರೆ, "ನಿಮ್ ಬಾವ ನಿನ್ನ ಒಂದ್ ಮಾತೂ ಅನ್ನಲ್ಲ ಕಣೆ, ಪುಣ್ಯ ಮಾಡಿದೀಯ" ಅಂದಳು. ಮೈಯೆಲ್ಲ ಉರಿದುಹೋಯಿತು.

ಈ ವರ್ಷ ಉರಿಗಾಂನಲ್ಲಿ ಇನ್ನೊಂದು ಗಾಡಿ ಇಡುವ ಮಾತು ಬಂತು. ನನ್ನ ಮನೆ ಅಲ್ಲೇ. ಇನ್ನು ರಾತ್ರಿ ಮನೆ ಸೇರಲು ಮಾರಿಕುಪ್ಪಂ ರೈಲಿಗೆ ಓಡುವ ಹಣೆಬರಹ ತಪ್ಪುತ್ತದೆ, ಮಗಳು ಮಲಗುವ ಮೊದಲು ಅವಳ ಮುಖ ನೋಡಬಹುದು. ತಪ್ಪೇ ಇಲ್ಲದವಳಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ ಅಂದುಕೊಂಡೆ. ಸ್ಕೂಲು ಬಿಟ್ಟ ಮೇಲೆ ಸೀದಾ ಅಮ್ಮನ ಗಾಡಿ ಹತ್ತಿರ ಬಾ ಅಂತ ಮಗಳಿಗೆ ಹೇಳಿಯೂ ಬಿಟ್ಟೆ.

ಗಾಡಿಗೆ ಬಣ್ಣ ಹೊಡೆದು ಟೆಂಪೋಗೆ ಏರಿಸಿದರು. ಜೊತೆಗೆ ಹತ್ತಿ ಕೂತವನು ಪೂರಿಯವನು.

ಗಿರಾಕಿಗಳಿದ್ದರೆ ಇರಲಿ ಅಂತ ಕೇಳಿಯೇಬಿಟ್ಟೆ. "ದಿನಾ ಬೈಸ್ಕಳೋನಿಗೆ ಗಾಡಿ, ನಂಗ್ಯಾಕಿಲ್ಲ ಬಾವ?"

"ಬೈದೂ ಬೈದೂ ಅವನ್ನ ತಿದ್ದಿವ್ನಿ. ಪಾನೀನೂ ಕಲ್ಸಿವ್ನಿ. ನಿನ್ ಪಾನಿ ಕಹಿ ಬತ್ತದೆ ಕಣಮ್ಮ. ಅಲ್ಲಿ ಸರಿ ಮಾಡಾಕೆ ನಾನಿರ್ತೀನಾ?"

"ಯಾಕೆ ಕಹಿ?"

"ಅರೆದು ನೀರ್ಗಾಕ್ಬುಟ್ಟು ಈರುಳ್ಳಿ ಸುಲಿಯಾಕೆ ಓಯ್ತೀಯ. ಆಕಿದ ತಕ್ಷಣ ಸೋಸ್ಬುಡ್ಬೇಕು. ಅಷ್ಟೇಯಾ."

ಅಷ್ಟೇ ಅಂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. "ಈ ಮಾತು ಮೊದ್ಲೇ ಏಳ್ಬಾರ್ದಾಗಿತ್ತಾ?"

"ನೀನು ನಮ್ಮನೆಯೋಳ ಊರಿನೋಳು. ಬೇಜಾರ್ ಮಾಡ್ಕಂಡು ತವರಲ್ಲೆಲ್ಲ ಏಳ್ಕಂಡ್ ಬಂದ್ರೆ?"

ಆ ರಾತ್ರಿ ಮನೆಗೆ ಹೋದಾಗ ಮಗಳು ಮಲಗಿಬಿಟ್ಟಿದ್ದಳು. ಬೆಳಿಗ್ಗೆ ಸ್ಕೂಲಿಗೆ ಹೊರಟವಳಿಗೆ ಗಾಡಿ ನನ್ನದಲ್ಲ ಅಂತ ಹೇಳಲು ನನಗೆ ಬಾಯೇ ಬರಲಿಲ್ಲ.

ಅವತ್ತು ಅಂಗಡಿಯಲ್ಲಿ ಅರೆದು ನೀರಿಗೆ ಹಾಕಿದ ತಕ್ಷಣ ಸೋಸಿದೆ. ದೀಪ ಹಚ್ಚಿದ ಮೇಲೆ ಬಾವ ಹೀರಿದರು. ಹುಬ್ಬು ಗಂಟಾಗಲಿಲ್ಲ, ನಿಂಬೆಹಣ್ಣಿನ ಕಡೆ ಕೈ ಹೋಗಲಿಲ್ಲ. "ಚೆನ್ನಾಗೈತೆ ಕಣಮ್ಮ" ಅಂದರು, ದಿನಾ ಅನ್ನುವ ಹಾಗೇ.

ಉರಿಗಾಂನಲ್ಲಿ ರೈಲು ಇಳಿದು ಮನೆಗೆ ಬಂದರೆ ಮಗಳು ಎದ್ದೇ ಇದ್ದಳು. ಸ್ಕೂಲು ಬಿಟ್ಟವಳೇ ಗಾಡಿ ಹತ್ತಿರ ಹೋಗಿ, ಕತ್ತಲಾಗುವವರೆಗೆ ನನಗಾಗಿ ಕಾದಿದ್ದಳಂತೆ.