ಅವ್ವನ ಪಾವಿನ ತೂಕ

ಅಕ್ಕಿ ತುಂಬಿದ ಹಿತ್ತಾಳೆ ಪಾವಿನ ಬಾಯಿಗೆ ಅಂಗೈ ಸವರಿದಾಗ ಸರ್ರನೆ ಒಂದು ಸದ್ದು ಬರುತ್ತದೆ, ನೀವೂ ಕೇಳಿರುತ್ತೀರಿ. ಹೊಸಪೇಟೆಯ ನನ್ನ ಅಡುಗೆಮನೆಯಲ್ಲಿ ಆ ಸದ್ದಾದರೆ ಸಾಕು, ಎಮ್ಮಿಗನೂರಿನ ನಮ್ಮ ಒಂದೇ ಕೋಣೆಯ ಮನೆ ಎದ್ದು ಬರುತ್ತದೆ; ಸಾರಿಸಿದ ನೆಲದ ವಾಸನೆ, ಒಲೆ ಮುಂದೆ ಕೂತ ಅವ್ವ. ನಾಲ್ಕು ಪಾವಿಗೆ ಒಂದು ಸೇರು. ಅಕ್ಷರ ಬಾರದ ಅವಳು ಆ ಲೆಕ್ಕದಲ್ಲೇ ಊರಿನ ಮದುವೆಗಳಿಗೆ ಅಡುಗೆ ಮಾಡಿದಳು, ಯಾರನ್ನೂ ಅರೆಹೊಟ್ಟೆಯಲ್ಲಿ ಕಳಿಸಲಿಲ್ಲ.

ನಾನು ಏಳನೆಯ ತರಗತಿ ಮುಗಿಸಿದ ವರ್ಷ ಕಂಪ್ಲಿಯ ಹುಡುಗಿಯರ ಹಾಸ್ಟೆಲಿಗೆ ಅಡುಗೆಯವರು ಬೇಕಾಗಿದ್ದರು. ಆ ಕೆಲಸ ಸಿಕ್ಕರೆ ನಾನು ಹೈಸ್ಕೂಲಿಗೆ, ಸಿಗದಿದ್ದರೆ ಅವ್ವನ ಜೊತೆ ಭತ್ತದ ನಾಟಿಗೆ. ನಲವತ್ತು ಹುಡುಗಿಯರಿಗೆ ಅವಲಕ್ಕಿ ಎಷ್ಟು ಬೇಕೆಂದು ವಾರ್ಡನ್ ಕೇಳಿದರು. ಅವ್ವ, “ಎಂಟು ಸೇರ್ರಿ” ಎಂದಳು.

“ಸೇರು ಗೀರು ನಡ್ಯಂಗಿಲ್ಲ. ನಾಳೆ ಬಂದು ಕೇಜಿಯಾಗ ಹೇಳ್ರಿ, ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡ್ತೀನಿ.”

ಮನೆಗೆ ಬರುವ ದಾರಿಯಲ್ಲಿ ನಾನು ಓದಿದವಳ ಗತ್ತಿನಲ್ಲಿ ಹೇಳಿದೆ: “ಎಂಟು ಸೇರಂದ್ರ ಎಂಟು ಕೇಜಿ ಬೇ, ಅಷ್ಟ.”

ಅವ್ವ ನಿಂತೇಬಿಟ್ಟಳು. “ಸಾಲಿಗೆ ಹೋಗಾಕಿ ನೀನು! ಸೇರು ಮಂಡಕ್ಕಿನೂ ಕೇಜಿ ತೂಗತೈತೇನ್ಲೇ?”

ನನ್ನನ್ನು ಎಳೆದುಕೊಂಡು ನೇರ ಊರಿನ ಶೆಟ್ಟರ ಕಿರಾಣಿ ಅಂಗಡಿಗೆ ಹೋಗಿ, ಒಂದೊಂದು ಕಾಳಿನದೂ ಒಂದು ಪಾವು ಅಳೆದು ತೂಗಿ ತೋರಿಸಿರೆಂದಳು. “ವ್ಯಾಪಾರ ಬಿಟ್ಟು ನಿಮ್ಮ ಪರೀಕ್ಷಿ ನಡಸ್ಲೇನು?” ಎಂದರು ಶೆಟ್ಟರು. “ನಡಸ್ರಿ ಶೆಟ್ರ, ಪಾಸಾದ್ರ ಒಂದು ತಾಟು ಅವಲಕ್ಕಿ ನಿಮಗ” ಎಂದಳು. ತಕ್ಕಡಿ ಏರಿತು. ಪಾವು ಅಕ್ಕಿ ಇನ್ನೂರು ಗ್ರಾಂ ದಾಟಿತು, ಉಪ್ಪು ಮುನ್ನೂರು ದಾಟಿತು, ಮಂಡಕ್ಕಿ ಐವತ್ತರ ಕಲ್ಲನ್ನೂ ಎತ್ತಲಿಲ್ಲ. ಅವಲಕ್ಕಿ ಸರಿಯಾಗಿ ನೂರು. ನನ್ನ ಒಂದೇ ಲೆಕ್ಕ ಎಲ್ಲಕ್ಕೂ ನಡೆಯುವುದಿಲ್ಲವೆಂದು ಅಂದು ತಿಳಿಯಿತು. ಆ ತೂಕಗಳನ್ನೆಲ್ಲ ನಾನು ಇದ್ದಿಲಿನಿಂದ ಮನೆಯ ಗೋಡೆ ಮೇಲೆ ಬರೆದೆ, ಅವ್ವ ಕೇಳಿ ಕೇಳಿ ಬಾಯಿಪಾಠ ಮಾಡಿದಳು.

ಮರುದಿನ ಅವ್ವ ಎಂಟು ಸೇರಿನ ಮೂವತ್ತೆರಡು ಪಾವನ್ನು ತೂಕಕ್ಕೆ ಇಳಿಸಿ, “ಮೂರು ಕೇಜಿ ಇನ್ನೂರು ಗ್ರಾಂ” ಎಂದಳು. ಇಷ್ಟು ಸಾಕೇ ಎಂದು ವಾರ್ಡನ್ ಹುಬ್ಬೇರಿಸಿದರು. “ಮಾಡಿ ಬಡಸ್ತೀನಿ, ಕಡಿಮಿ ಬಿದ್ರ ನಾಳೆ ಬರಂಗಿಲ್ರಿ” ಎಂದಳು ಅವ್ವ. ಹುಡುಗಿಯರು ಎರಡೆರಡು ಸಲ ಹಾಕಿಸಿಕೊಂಡರು. ಪಾತ್ರೆಯ ತಳದಲ್ಲಿ ನನಗೂ ಶೆಟ್ಟರಿಗೂ ಒಂದೊಂದು ತಾಟಿನಷ್ಟು ಉಳಿಯಿತು. ಆ ಹಾಸ್ಟೆಲಿನ ಒಲೆಯ ಮುಂದೆ ಅವ್ವ ಬೆವರಿದ್ದಕ್ಕೇ ನಾನು ನಮ್ಮ ಮನೆತನದ ಮೊದಲ ಪದವೀಧರೆ. ಹೈಸ್ಕೂಲಿನಲ್ಲಿ ಸಾಂದ್ರತೆಯ ಪಾಠ ಶುರುವಾದ ದಿನ, ಅದೇನೆಂದು ಮೇಷ್ಟ್ರು ಕೇಳಿದಾಗ ಕೈಯೆತ್ತಿದವಳು ನಾನೊಬ್ಬಳೇ.

ಆ ಗೋಡೆ ಈಗಿಲ್ಲ, ಅವ್ವನೂ ಇಲ್ಲ. ನನ್ನ ಅಡುಗೆಕಟ್ಟೆಯ ಮೇಲೆ ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಖಾಲಿ ಪಾತ್ರೆಯ ತೂಕ ಅಳಿಸಿ ಸೊನ್ನೆಗೆ ತರುವ ಗುಂಡಿಯೂ ಅದರಲ್ಲಿದೆ. ಅವ್ವನ ಪಾವು ಇಟ್ಟಾಗ ಮಾತ್ರ ನಾನು ಅದನ್ನು ಒತ್ತುವುದಿಲ್ಲ. ಪಾವಿನ ತೂಕ ಎಷ್ಟೋ ಅಷ್ಟು ಕಾಣಲಿ. ಕಳೆಯುವ ಲೆಕ್ಕ ನಾನೇ ಮಾಡಿಕೊಳ್ಳುತ್ತೇನೆ.